ಮೂವತ್ತಾರರ ಮೇಲೆ ಒಂದು

ಮೊನ್ನೆ ಯಾರೋ ಕೇಳಿದರು, "ರೀಲು ಹಾಕೋ ಕ್ಯಾಮರಾ ಇದ್ದಾಗ ನೀವು ವಾರಕ್ಕೆ ಎಷ್ಟು ಸಲ ಫೋಟೋ ತೆಗೀತಿದ್ರಿ?" ನನಗೆ ನಗು ತಡೆಯಲಾಗಲಿಲ್ಲ. ವಾರದ ಲೆಕ್ಕ ಎಲ್ಲಿತ್ತು? ನಮ್ಮದು ಹಬ್ಬದ ಲೆಕ್ಕ. ಯುಗಾದಿಗೆ ರೀಲು ಹಾಕಿದರೆ ಗೌರಿಹಬ್ಬದ ಹೊತ್ತಿಗೆ ಅರ್ಧ ಆಗಿರುತ್ತಿತ್ತು. ದೀಪಾವಳಿಗೆ ಮುಗಿಸಿದವನು ದುಂದುಗಾರ. ತೊಳೆಸಿ ತಂದ ಲಕೋಟೆಯ ಮೊದಲ ಫೋಟೋದಲ್ಲಿ ಹಸುವಿನ ಹೊಟ್ಟೆಯೊಳಗಿದ್ದ ಕರು ಕೊನೆಯ ಫೋಟೋದಲ್ಲಿ ಹುಲ್ಲು ಮೇಯುತ್ತಿರುತ್ತಿತ್ತು.

ತೊಂಬತ್ತರ ದಶಕದಲ್ಲಿ ನಾನು ಶ್ರೀರಂಗಪಟ್ಟಣದಲ್ಲಿ ಹಳೆಯ ಪಂಪ್‌ಸೆಟ್ ಮೋಟಾರು ಕೊಂಡು, ರಿಪೇರಿ ಮಾಡಿಸಿ ಮಾರುತ್ತಿದ್ದೆ. ಯಾರೂ ಹೇಳಿಕೊಟ್ಟ ವ್ಯಾಪಾರವಲ್ಲ, ಕಿವಿ ಕೊಟ್ಟು ಕಲಿತದ್ದು. ಮೋಟಾರು ತಿರುಗುವ ಸದ್ದು ಕೇಳಿದರೆ ಒಳಗೆ ಏನು ಸವೆದಿದೆ ಅಂತ ಹೇಳಬಲ್ಲೆ. ಕ್ಯಾಮರಾವನ್ನೂ ಹಾಗೆಯೇ ಮೈಸೂರಿನ ಒಂದು ಅಂಗಡಿಯಲ್ಲಿ ಹಳೆಯದೇ ಕೊಂಡೆ. ಹಳೆಯ ಕ್ಯಾಮರಾ ಕೊಳ್ಳುವವರಿಗೆ ನಾನು ಈಗಲೂ ಹೇಳುವುದಿಷ್ಟೆ: ಮೊದಲು ಲೆನ್ಸು ನೋಡಬೇಡಿ, ಸ್ಕ್ರೂ ನೋಡಿ. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಯಾರೋ ಬಿಚ್ಚಿ ಕೈಯಾಡಿಸಿದ್ದಾರೆ. ಬೆಲೆ ಕೇಳಿ ಎದ್ದು ಬಾಗಿಲ ತನಕ ಹೋಗಿ. ಕರೆದರೆ ಚೌಕಾಸಿ ಅರ್ಧ ಮುಗಿದಂತೆ. ಕರೆಯದಿದ್ದರೆ, ಕೊಡೆ ಮರೆತವರಂತೆ ವಾಪಸು ಬನ್ನಿ. ಅದಕ್ಕಾಗಿಯೇ ಕೊಡೆಯನ್ನು ಒಳಗೆ ಬಿಟ್ಟಿರಬೇಕು. ನಾನು ಕೊಡೆಗೆಂದು ವಾಪಸು ಹೋಗಿಯೇ ಕೊಂಡದ್ದು.

ಪಾಂಡವಪುರದಲ್ಲಿ ನನಗೊಬ್ಬ ಗೆಳೆಯನಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಗುಮಾಸ್ತ. ಅವನಿಗೂ ಇದೇ ಹುಚ್ಚು. ಅವನ ಕ್ಯಾಮರಾವನ್ನೂ ನಾನೇ ಇನ್ನೊಂದು ಸಲ ಕೊಡೆ ಮರೆತು ಕೊಡಿಸಿದ್ದೆ. ದಿನವಿಡೀ ಗಾಡಿ ತೂಗಿ ತೂಗಿ ಅವನಿಗೆ ಎಲ್ಲವನ್ನೂ ತೂಗುವ ಚಾಳಿ. ಕ್ಯಾಮರಾ ಕಣ್ಣಿಗೆ ಏರಿಸುತ್ತಿದ್ದ, ಉಸಿರು ಬಿಗಿಹಿಡಿಯುತ್ತಿದ್ದ, ಎದುರು ನಿಂತವರೂ ಉಸಿರು ಬಿಗಿಹಿಡಿಯುತ್ತಿದ್ದರು. ಆಮೇಲೆ ಮೆಲ್ಲಗೆ ಕೆಳಗಿಳಿಸುತ್ತಿದ್ದ. "ಬ್ಯಾಡ ಬುಡಿ, ಬೆಳಕು ಸರೀಗಿಲ್ಲ." ಬೆಳಕು ಸರಿಯಾಗಿಯೇ ಇರುತ್ತಿತ್ತು. ಕ್ಯಾತನಹಳ್ಳಿಯ ಅವನ ಸೋದರಮಾವ ಹೊಸ ಎತ್ತಿನ ಜೋಡಿಯ ಪಕ್ಕದಲ್ಲಿ ರುಮಾಲು ಸುತ್ತಿ ಒಂದು ಬೆಳಗ್ಗೆಯೆಲ್ಲ ನಿಂತಿದ್ದರು. ಕೊನೆಗೆ ಒಂದು ಎತ್ತು ಬೇಸತ್ತು ಮಲಗಿತು. "ಅದು ಎದ್ಮೇಲೆ ಬತ್ತೀನಿ ಮಾವ" ಅಂತ ಇವನು ಸೈಕಲ್ಲು ಹತ್ತಿದ. ಹದಿನೈದು ದಿನಕ್ಕೆ ಒಂದು ಕ್ಲಿಕ್ಕು ಆದರೆ ಅವನ ಪಾಲಿಗೆ ಅದು ಸುಗ್ಗಿ.

ರೀಲಿನ ಡಬ್ಬಿಯ ಮೇಲೆ ಮೂವತ್ತಾರು ಎಂದು ಬರೆದಿದ್ದರೂ ಅದರಿಂದ ಮೂವತ್ತೆಂಟು ತೆಗೆಯುವ ಉಪಾಯ ನಮ್ಮಲ್ಲಿತ್ತು. ರೀಲಿಗೆ ಹೊರಗೆ ಚಾಚಿಕೊಂಡ ನಾಲಗೆಯಂಥ ತುದಿಯೊಂದು ಇರುತ್ತದೆ. ಅದನ್ನೆಳೆದು ಬಲಗಡೆಯ ಉರುಳೆಗೆ ಸಿಕ್ಕಿಸಬೇಕು. ಮಿಕ್ಕವರು ಉದ್ದಕ್ಕೆ ಎಳೆದು, ಭದ್ರವಾಗಿ ಸುತ್ತಿ, ಆಮೇಲೆ ಮುಚ್ಚಳ ಹಾಕುತ್ತಿದ್ದರು. ಅಷ್ಟು ಭಾಗ ಬೆಳಕಿಗೆ ಬಿದ್ದು ದಂಡ. ನಾವು ತುದಿಯನ್ನಷ್ಟೇ ಒಂದು ಹಲ್ಲಿಗೆ ಕಚ್ಚಿಸಿ ಮುಚ್ಚುತ್ತಿದ್ದೆವು. ಎರಡು ಫೋಟೋ ಪುಕ್ಕಟೆ! ಉಪಾಯ ನನ್ನದೇ. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿಕೊಟ್ಟಿದ್ದೆ: ಪ್ರತಿ ಸಲ ರೀಲು ಮುಂದಕ್ಕೆ ಸರಿಸುವಾಗ ಎಡಗಡೆಯ ಗುಂಡಿ ನೋಡುತ್ತಿರು, ಒಳಗೆ ರೀಲು ಸರಿದರೆ ಹೊರಗೆ ಅದೂ ತಿರುಗುತ್ತದೆ. ಗೆಳೆಯ ಪುಕ್ಕಟೆಯ ಮಾತನ್ನು ನೆನಪಿಟ್ಟುಕೊಂಡ. ಗುಂಡಿಯ ಮಾತು ಮರೆತ.

ಆ ವರ್ಷ ಅವನಿಗೆ ಕೆ.ಆರ್. ಪೇಟೆಯಲ್ಲಿ ಒಂದು ಹೆಣ್ಣು ನೋಡಲು ಹೋದೆವು. ಅದಕ್ಕೂ ಮುಂಚೆ ಎರಡು ಕಡೆಯವರು "ಹುಡುಗ ಗುಮ್ಮನಗುಸುಕ" ಅಂತ ಬೇಡವೆಂದಿದ್ದರು. ಈ ಸಲವೂ ಇವನು ಕತ್ತು ಬಗ್ಗಿಸಿ ಕುಳಿತು, ತಟ್ಟೆಯ ಕೇಸರಿಬಾತನ್ನೇ ಮದುವೆಯಾಗುವವನಂತೆ ನೋಡಿದ. ನಾವು ಎದ್ದು ಹೊರಡುವಾಗ ಒಳಗಿನಿಂದ ಹುಡುಗಿಯ ದನಿ, ನಮಗೆ ಕೇಳಲಿ ಅಂತಲೇ ಇರಬೇಕು, ಗಟ್ಟಿಯಾಗಿ ಬಂತು: "ಬೈತಲೆ ಕಾಣುಸ್ತು ಕಣಪ್ಪ, ಮಕ ಕಾಣುಸ್ನಿಲ್ಲ. ಒಂದು ಫೋಟೋ ಕಳ್ಸಕ್ಕೇಳು. ನೋಡ್ಬುಟ್ಟು ಏಳ್ತೀನಿ."

ಹೆಣ್ಣಿನ ಫೋಟೋ ಗಂಡಿನ ಮನೆಗೆ ಹೋಗುವುದುಂಟು. ಗಂಡಿನ ಫೋಟೋ ಕೇಳಿದವಳು ಇವಳೇ ಮೊದಲು. ಅವರಪ್ಪ ನಾಲಗೆ ಕಚ್ಚಿಕೊಂಡರು. ನಾನು ನಗು ನುಂಗಿದೆ. ಬಸ್ಸಿನಲ್ಲಿ ಚಿನಕುರಳಿ ದಾಟುವವರೆಗೂ ಗೆಳೆಯ ಟಿಕೇಟನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದ. ಆಮೇಲೆ ಹೇಳಿದ: "ಅವ್ಳೇ ಆಗ್ಬೇಕು ಕಣ್ಲಾ. ಇನ್ಯಾರೂ ಬ್ಯಾಡ."

"ಅಂಗಾದ್ರೆ ನಾಳೇನೇ ಸ್ಟುಡಿಯೋಗೆ ಓಗಿ ತೆಗುಸ್ಕೊ."

"ಮನೇಲಿ ಕ್ಯಾಮರಾ ಮಡೀಕೊಂಡು ಸ್ಟುಡಿಯೋಗಾ? ಮಾನ ಬ್ಯಾಡ್ವೇನ್ಲಾ?"

ಹಾಗೆ ಅವನ ಕ್ಯಾಮರಾದಿಂದಲೇ, ಅವನ ಮನೆಯ ಹಿತ್ತಲಲ್ಲಿ, ನಾನೇ ಅವನ ಫೋಟೋ ತೆಗೆದೆ. ಒತ್ತುವುದಷ್ಟೇ ನನ್ನ ಕೆಲಸ. ರೀಲು ಸರಿಸಲು ಅವನು ಬೇರೆಯವರನ್ನು ಬಿಡುತ್ತಿರಲಿಲ್ಲ. ಎಷ್ಟು ಫೋಟೋ ಆಯಿತೆಂದು ತೋರಿಸುವ ಮುಳ್ಳು ಇಪ್ಪತ್ತಕ್ಕೆ ಬಂದಿತ್ತು. "ಕೊಡ್ಲಾ, ಮೈಸೂರಿಗೆ ಓಯ್ತೀನಿ, ತೊಳುಸ್ಕಂಡು ಬತ್ತೀನಿ" ಅಂದೆ. ಅವನು ಕ್ಯಾಮರಾವನ್ನು ಎದೆಗೆ ಅವುಚಿಕೊಂಡ. "ಇನ್ನೂ ಹದ್ನಾರು ಅವೆ!"

ಒಂದು ವಾರ ಹೋಯಿತು. ಎರಡನೆಯ ವಾರ ಒಂದು ಕ್ಲಿಕ್ಕಾಯಿತು, ಕಬ್ಬಿನ ಗಾಡಿಯ ಮೇಲೆ ಕುಳಿತ ಕಾಗೆ. ಅಷ್ಟರಲ್ಲಿ ಕೆ.ಆರ್. ಪೇಟೆಯಿಂದ ಹುಡುಗಿಯ ಅಪ್ಪ ಹೇಳಿಕಳಿಸಿದರು. ನಾಗಮಂಗಲದ ಕಡೆಯಿಂದ ಅವಳ ಮಾವ ಇನ್ನೊಂದು ಸಂಬಂಧ ತಂದಿದ್ದಾರೆ, ಸೋಮವಾರ ಅವರು ನೋಡಲು ಬರುತ್ತಾರೆ, ಅಷ್ಟರೊಳಗೆ ಫೋಟೋ ಬಂದರೆ ಸರಿ, ಇಲ್ಲದಿದ್ದರೆ ನಮ್ಮನ್ನು ಬೈಯಬೇಡಿ.

ಸುದ್ದಿ ಬಂದದ್ದು ಶುಕ್ರವಾರ. ನಾನು ಬರುವಷ್ಟರಲ್ಲಿ ಗೆಳೆಯನ ತಾಯಿ ಸೆರಗು ಸಿಕ್ಕಿಸಿ ಬೀದಿಗೆ ಇಳಿದಿದ್ದರು. "ಬನ್ರವ್ವಾ, ಬನ್ರಪ್ಪಾ, ನನ್ ಮಗ ಫೋಟೋ ತೆಗೀತನೆ! ಪುಕ್ಸಟ್ಟೆ!"

ವರ್ಷಗಟ್ಟಲೆ "ಬೆಳಕು ಸರೀಗಿಲ್ಲ" ಅನ್ನಿಸಿಕೊಂಡಿದ್ದ ಜನ! ಬೀದಿಗೆ ಬೀದಿಯೇ ಬಂತು. ಅತ್ತೆ ಸೊಸೆ ಬೇರೆ ಬೇರೆ ನಿಂತು ತೆಗೆಸಿಕೊಂಡರು. ಒಬ್ಬರು ಹೊಸ ಮಿಕ್ಸಿಯನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತರು. ಎದುರು ಮನೆಯ ಮುದುಕರು ಕೇಳಿದರು, "ಏನ್ಲಾ, ಇವತ್ತು ಬೆಳಕು ಸರೀಗದಾ?"

"ಅದೆ ತಾತ, ನಿಂತ್ಕೊ."

"ನಾ ಸತ್ಮೇಲೆ ತೆಗೀತಿಯ ಅನ್ಕಂಡಿದ್ದೆ."

ಪ್ರತಿ ಕ್ಲಿಕ್ಕಿಗೂ ಗೆಳೆಯ ಸೂಜಿ ಚುಚ್ಚಿಸಿಕೊಂಡವನಂತೆ ಮುಖ ಹಿಂಡುತ್ತಿದ್ದ. ಆದರೆ ಮೂವತ್ತಾರು ದಾಟಿದ ಮೇಲೆ ಅವನ ಮುಖ ಅರಳತೊಡಗಿತು. ಮೂವತ್ತೇಳು. ಮೂವತ್ತೆಂಟು. ಮುಳ್ಳು ಗುರುತೇ ಇಲ್ಲದ ಜಾಗಕ್ಕೆ ಹೋಯಿತು, ಅವನು ಬಾಯಲ್ಲೇ ಎಣಿಸಿದ. "ಮೂವತ್ತೊಂಬತ್ತು! ನೋಡ್ಲಾ! ನಿಂದು ಯಾವತ್ತಾರ ಇಲ್ಗಂಟ ಬಂದಿತ್ತಾ?" ನಲವತ್ತಕ್ಕೆ ಅವನು ತಾನಾಗಿಯೇ ಹೋಗುತ್ತಿದ್ದವರನ್ನು ಕೂಗಿ ಕರೆದ. ನಲವತ್ತೊಂದಕ್ಕೆ ಎದುರು ಮನೆಯ ನಾಯಿ.

ನಾನು ಆಗ ಕಿವಿ ಕೊಟ್ಟೆ. ಅವನು ರೀಲು ಸರಿಸಿದರೆ ನೀರಿಲ್ಲದ ಬಾವಿಯಲ್ಲಿ ಪಂಪು ಓಡಿದ ಹಾಗೆ ಹಗುರ ಸದ್ದು. ಎಡಗಡೆಯ ಗುಂಡಿ ನೋಡಿದೆ. ಅದು ಕಲ್ಲಿನಂತೆ ಕುಳಿತಿತ್ತು.

"ಲೇ, ನಿಲ್ಸು. ಕಂಬಳಿ ತತ್ತಾ."

ಒಳಗೆ ನಿಜವಾಗಿ ಫೋಟೋ ಇದ್ದರೆ ಬೆಳಕು ಬೀಳಬಾರದಲ್ಲ. ಮಟಮಟ ಮಧ್ಯಾಹ್ನ ಇಬ್ಬರೂ ನಡುಮನೆಯಲ್ಲಿ ಕರಿಕಂಬಳಿ ಹೊದ್ದು, ಅದರ ಮೇಲೆ ಇನ್ನೊಂದು ಹೊದ್ದು ಕುಳಿತೆವು. ಮಜ್ಜಿಗೆ ತಂದ ಅವನ ತಾಯಿ ಬಾಗಿಲಲ್ಲೇ ನಿಂತರು. "ಅಯ್ಯೋ, ಏನ್ರುಲಾ ಇಬ್ರಿಗೂ? ಚಳಿಜ್ವರವಾ?"

ಒಳಗೆ ಬೆವರು, ಕುರಿಯ ವಾಸನೆ. ನಾನು ಮುಚ್ಚಳ ತೆಗೆದು ಬೆರಳಾಡಿಸಿದೆ. ರೀಲಿನ ನಾಲಗೆ ಹಲ್ಲಿನಿಂದ ಜಾರಿ ಸುಮ್ಮನೆ ಚಾಚಿಕೊಂಡಿತ್ತು. ಯುಗಾದಿಯ ದಿನ ಹೇಗೆ ಹಾಕಿದ್ದನೋ ಹಾಗೇ. ಗಾಡಿಯ ಕಾಗೆ, ಮಿಕ್ಸಿ, ತಾತ, ಹಿತ್ತಲಲ್ಲಿ ನಾನು ತೆಗೆದ ಮದುವಣಿಗ, ಒಂದೂ ಬಿದ್ದಿರಲಿಲ್ಲ. ದಿನಾ ತಿರುಗಿಸುವವನಿಗೆ ಕೈಗೇ ತಿಳಿಯುತ್ತಿತ್ತು. ಹದಿನೈದು ದಿನಕ್ಕೊಮ್ಮೆ ತಿರುಗಿಸುವವನಿಗೆ ಹಗುರ ಯಾವುದು, ಬಿಗಿ ಯಾವುದು ನೆನಪಿರುವುದಾದರೂ ಹೇಗೆ? ಅದಕ್ಕೇ ಹೇಳುತ್ತೇನೆ, ಕ್ಯಾಮರಾ ಕೊಂಡ ಮೇಲೆ ಆಗಾಗ ಒತ್ತುತ್ತಿರಬೇಕು.

ಕಂಬಳಿ ಸರಿಸಿ ವಿಷಯ ಹೇಳಿದೆ. ಗೆಳೆಯ ಗೋಡೆಗೆ ಒರಗಿದ. ಆಮೇಲೆ ಮೆಲ್ಲಗೆ ಕೇಳಿದ: "ಅಂಗಾರೆ... ರೀಲು ಒಸದು ಅಂಗೇ ಉಳ್ಕಂತಾ?"

ಅವನ ತಾಯಿ ಪೊರಕೆ ಹುಡುಕತೊಡಗಿದರು. "ಮದ್ವೆ ಮುರ್ದು ಬೀಳ್ತಾ ಅದೆ, ರೀಲು ಉಳೀತು ಅಂತನಲ್ಲಪ್ಪಾ ಇವ್ನು!"

ಶನಿವಾರ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ಸಾಲು, ಇನ್ನೊಂದು ದಿನ ರಜೆ ಸಿಗಲಿಲ್ಲ. ಶುಕ್ರವಾರವೇ ಮೈಸೂರಿಗೆ ಒಯ್ಯಲು ಹೊತ್ತು ಮೀರಿತ್ತು. ಬಣ್ಣದ ಫೋಟೋ ತೊಳೆದು ಕೊಡಲು ಅಲ್ಲಿ ಒಂದು ದಿನ ಹಿಡಿಯುತ್ತಿತ್ತು, ಭಾನುವಾರ ಬಾಗಿಲು. ಯಾವ ಲೆಕ್ಕದಲ್ಲೂ ಸೋಮವಾರದೊಳಗೆ ಫೋಟೋ ಕೈಗೆ ಬರುವಂತಿರಲಿಲ್ಲ. ಮೋಟಾರು ವ್ಯಾಪಾರದಲ್ಲಿ ನಾನು ಮಾಡುವುದನ್ನೇ ಮಾಡಿದೆ. ಗಿರಾಕಿಗೆ ತೋರಿಸಲು ಕಂಪನಿ ಹೆಸರಿನ ಬಿಲ್ಲೆ ಇಲ್ಲ, ಚಿತ್ರ ಇಲ್ಲ ಅಂದರೆ ಮೋಟಾರನ್ನೇ ಗಾಡಿಗೆ ಹಾಕಿಕೊಂಡು ಅವನ ಬಾವಿಯ ಹತ್ತಿರ ಹೋಗಿಬಿಡುತ್ತೇನೆ. ಅದೇ ರೀಲನ್ನು ನನ್ನ ಕೈಯಾರೆ ಉದ್ದಕ್ಕೆ ಎಳೆದು, ಭದ್ರವಾಗಿ ಸುತ್ತಿ ಹಾಕಿದೆ. ಗೆಳೆಯ ಆ ದಂಡ ನೋಡಲಾರದೆ ಕಣ್ಣು ಮುಚ್ಚಿಕೊಂಡ. ಭಾನುವಾರ ಬೆಳಗ್ಗೆ ಅವನಿಗೆ ಬಿಳಿ ಅಂಗಿ ತೊಡಿಸಿ, ಕೊರಳಿಗೆ ಕ್ಯಾಮರಾ ಹಾಕಿ, ಕೆ.ಆರ್. ಪೇಟೆ ಬಸ್ಸು ಹತ್ತಿಸಿದೆ.

ಹುಡುಗಿಯ ಅಪ್ಪ ಜಗಲಿಯಲ್ಲಿದ್ದರು. "ಫೋಟೋ ತಂದ್ರಾ?"

"ಫೋಟೋ ಇಲ್ಲ, ಆಳನ್ನೇ ತಂದಿವ್ನಿ" ಅಂದೆ. ನಡೆದದ್ದೆಲ್ಲವನ್ನೂ ಹೇಳಿದೆ. ಮಾಲಿನ ದೋಷವನ್ನು ಗಿರಾಕಿ ಕಂಡುಹಿಡಿಯುವ ಮುಂಚೆ ನಾವೇ ಹೇಳಿಬಿಟ್ಟರೆ ಮಿಕ್ಕ ಮಾತನ್ನು ನಂಬುತ್ತಾರೆ. ನಾಯಿಯ ಫೋಟೋದವರೆಗೆ ಬಂದಾಗ ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಹೊರಗೇ ಬಂದಳು. ನೇರ ಇವನ ಮುಂದೆ ನಿಂತಳು.

"ಯುಗಾದಿಯಿಂದ ಒಂದೇ ರೀಲಾ?"

"ಊಂ."

"ಮನೇಲಿ ಉಪ್ಪು, ಸಾಸ್ವೇನೂ ಇಂಗೇ ತೂಗ್ತೀರಾ?"

ಅವನು ಆವತ್ತೇ ಮೊದಲು ಕತ್ತೆತ್ತಿದ್ದು. "ಇಲ್ಲ. ರೀಲು ಮಾತ್ರ."

"ಕೊಡಿ ಇಲ್ಲಿ."

ಕ್ಯಾಮರಾ ಅವಳ ಕೈಗೆ ಹೋಯಿತು. ಎಲ್ಲಿ ನೋಡಬೇಕು, ಎಲ್ಲಿ ಒತ್ತಬೇಕು, ರೀಲು ಹೇಗೆ ಸರಿಸಬೇಕು ಅಂತ ನಾನು ತೋರಿಸಿದೆ. ಅವಳು ಇವನನ್ನು ತೆಂಗಿನ ಮರದ ಪಕ್ಕ ನಿಲ್ಲಿಸಿದಳು. ಇವನ ಬಾಯಿ ಅಭ್ಯಾಸಬಲದಿಂದ ತೆರೆಯಿತು. "ಬೆಳಕು..."

"ಬೆಳಕು ಚೆಂದಾಗೇ ಅದೆ." ಕ್ಲಿಕ್.

ಮರದ ಪಕ್ಕ ಒಂದಾಯಿತು, ಬಾನಿಯ ಪಕ್ಕ ಎರಡು, ಹುಲ್ಲಿನ ಮೆದೆಗೆ ಒರಗಿಸಿ ನಾಲ್ಕು. "ಇಂಗೆ ತಿರುಗಿ. ಅಂಗಲ್ಲ, ಇಂಗೆ." ಕ್ಲಿಕ್, ಕ್ಲಿಕ್. ಇವನು ಒಂದು ತಿಂಗಳಿಗೆ ಇಟ್ಟುಕೊಳ್ಳುವಷ್ಟನ್ನು ಅವಳು ಒಂದು ಕೆಮ್ಮು ಬರುವಷ್ಟರಲ್ಲಿ ಮುಗಿಸುತ್ತಿದ್ದಳು. ಎಡಗಡೆಯ ಗುಂಡಿ ಒಂದೊಂದು ಸಲವೂ ಗರಗರ ತಿರುಗುತ್ತಿತ್ತು. ಗೆಳೆಯನ ಹಣೆಯಲ್ಲಿ ಬೆವರು.

ಅವಳ ಅಪ್ಪನೇ ಕನಿಕರಪಟ್ಟರು. "ಸಾಕು ಬುಡವ್ವ, ಪಾಪ."

ಅವಳು ಕ್ಯಾಮರಾ ಇಳಿಸಲಿಲ್ಲ. "ಅವ್ರು ಸಾಕು ಅನ್ಲಿ, ನಿಲ್ಲುಸ್ತೀನಿ."

ಆಗ ನನಗೆ ಹೊಳೆಯಿತು. ಅವಳು ಫೋಟೋ ತೆಗೆಯುತ್ತಿರಲಿಲ್ಲ, ಮೋಟಾರಿಗೆ ಭಾರ ಹಾಕಿ ನೋಡುತ್ತಿದ್ದಳು. ನಾನಾಗಿದ್ದರೂ ಕೊಳ್ಳುವ ಮುಂಚೆ ಅದನ್ನೇ ಮಾಡುತ್ತಿದ್ದೆ. ಇವನು ಬಾಯಿ ತಪ್ಪಿ "ಸಾಕು" ಅಂದರೆ ನಾಗಮಂಗಲದವರು ಗೆದ್ದಂತೆ. ನಾನು ಕಣ್ಣಲ್ಲೇ "ಅನ್ಬ್ಯಾಡ ಕಣ್ಲಾ" ಅಂದೆ. ಅವನು ನನ್ನನ್ನು ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಮುಗಿಯೋಗಂಟ ತೆಗೀರಿ."

ಅವಳು ಮುಗಿಯುವವರೆಗೂ ತೆಗೆದಳು. ಮೂವತ್ತಾರಕ್ಕೆ ರೀಲು ಬಿಗಿಯಾಗಿ ನಿಂತಿತು. "ಮುಗೀತು ಅನ್ಸುತ್ತೆ" ಅಂತ ಅವಳು ಕ್ಯಾಮರಾ ಇಳಿಸಿದಳು. ಗೆಳೆಯನಿಗೆ ತಡೆಯಲಾಗಲಿಲ್ಲ. ಹುಲ್ಲಿನ ಮೆದೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ಒಸಿ ಮೆತ್ತಗೆ ಎಳೀರಿ. ಇನ್ನೊಂದು ಬತ್ತದೆ."

ಅವಳು ಮೆತ್ತಗೆ ಎಳೆದಳು. ಬಂತು! ಅವಳಿಗೆ ನಗು ಉಕ್ಕಿತು. ಅದನ್ನು ಕಂಡು ಇವನಿಗೂ ಉಕ್ಕಿತು. ನಾನು ಅಷ್ಟು ವರ್ಷದಲ್ಲಿ ಅವನ ಅಷ್ಟು ಹಲ್ಲುಗಳನ್ನು ಒಟ್ಟಿಗೆ ಕಂಡದ್ದು ಅದೇ ಮೊದಲು. ಅವಳು ಒತ್ತಿದಳು.

ಕ್ಯಾಮರಾ ವಾಪಸು ಕೊಡುತ್ತ, ಅವರಪ್ಪನ ಕಡೆ ತಿರುಗಿ, ಒಲೆಯ ಮೇಲಿನ ಹಾಲಿನ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದಳು: "ನಾಗಮಂಗಲದೋರ್ಗೆ ಬರಾದ್ ಬ್ಯಾಡ ಅಂತ ಏಳ್ಕಳ್ಸಪ್ಪ."

ಆ ವಾರವೇ ರೀಲು ತೊಳೆಸಿ ಲಕೋಟೆಯನ್ನು ನಾನೇ ಅವಳಿಗೆ ತಲುಪಿಸಿದೆ. ಮೂವತ್ತಾರರಲ್ಲಿಯೂ ಗೆಳೆಯ ಸೂಜಿ ಚುಚ್ಚಿಸಿಕೊಂಡವನಂತೆ ಮುಖ ಹಿಂಡಿದ್ದ. ಅವಳು ಅಷ್ಟನ್ನೂ ಜಗಲಿಯ ಮೇಲೆ ಹರಡಿ, ಪುಕ್ಕಟೆ ಬಂದ ಕೊನೆಯದನ್ನು ಎತ್ತಿಕೊಂಡು, ಮಿಕ್ಕವನ್ನು ಲಕೋಟೆಗೆ ತುಂಬಿ ನನ್ನ ಕೈಗಿಟ್ಟಳು.

"ನಂಗೆ ಇದೊಂದು ಸಾಕು. ಮಿಕ್ಕಿದ್ನ ಅವ್ರಿಗೇ ಕೊಡಿ, ಕೂತ್ಕಂಡು ತೂಗ್ಲಿ."