ಅಟ್ಟದ ಮೇಲಿನ ಅರ್ಧ ಕ್ಯಾಮೆರಾ

ನಮ್ಮ ಮನೆಯಲ್ಲಿ ಕೆಲವು ವರ್ಷ ಅರ್ಧ ಕ್ಯಾಮೆರಾ ಇತ್ತು. ಉಳಿದರ್ಧ ತಿಪಟೂರಿನಲ್ಲಿ, ನನ್ನ ಗೆಳತಿಯ ಮನೆಯಲ್ಲಿ. ಅದು ಮುರಿದು ಎರಡಾದದ್ದಲ್ಲ. ಬಾಡಿ ನನ್ನ ಹತ್ತಿರ, ಲೆನ್ಸ್ ಅವಳ ಹತ್ತಿರ ಎಂದು ನಾವೇ ಬೇಕೆಂದು ಹಾಗೆ ಹಂಚಿಕೊಂಡಿದ್ದೆವು.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಇಬ್ಬರೂ ತೆಂಗಿನ ಸೀಮೆಯವರು ಎಂಬ ಕಾರಣಕ್ಕೆ ಮಾತು ಶುರುವಾಗಿತ್ತು. ನಮ್ಮೂರು ದಂಡಿನಶಿವರದ ಕಡೆ. ಅವಳದು ತಿಪಟೂರು ಪೇಟೆ. ಅವಳ ಅಪ್ಪ ಟೈಲರ್, ಅಣ್ಣ ಸ್ಕೂಟರ್ ಮೆಕ್ಯಾನಿಕ್. ಕೊನೆಯ ವರ್ಷ ವಿದ್ಯಾರ್ಥಿವೇತನದಲ್ಲಿ ಉಳಿಸಿಕೊಂಡು ಇಬ್ಬರೂ ಸೇರಿ ಒಂದು ಹಳೆಯ ಕ್ಯಾಮೆರಾ ಕೊಂಡೆವು. ಅದರ ಲೆನ್ಸಿನ ಅಂಚಿನಲ್ಲಿ ಸಣ್ಣ ಚಕ್ಕೆಯೊಂದು ಹಾರಿತ್ತು. ಬೆಳಕು ಪಕ್ಕದಿಂದ ಬಿದ್ದರೆ ಫೋಟೋದ ಎಡಗಡೆ ಮೇಲಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿಯ ಮಚ್ಚೆ ಮೂಡುತ್ತಿತ್ತು. ಆ ಊನ ಇದ್ದುದರಿಂದಲೇ ಅದು ನಮ್ಮ ಕೈಗೆ ಎಟುಕಿದ್ದು.

ಓದು ಮುಗಿಸಿ ಊರಿಗೆ ಹೊರಡುವಾಗ ಕ್ಯಾಮೆರಾ ಯಾರ ಮನೆಯಲ್ಲಿರಬೇಕು ಎಂಬ ಪ್ರಶ್ನೆ ಬಂತು. ನಮ್ಮಂಥ ಮನೆಗಳಲ್ಲಿ ಒಂದು ಕ್ಯಾಮೆರಾ ಇದೆಯೆಂದರೆ ಅದು ಇಡೀ ಮನೆಯದಾಗುತ್ತದೆ. ನನ್ನಣ್ಣ ನೆಂಟರ ನಾಮಕರಣಕ್ಕೆ ಒಯ್ಯುತ್ತಾನೆ, ಅತ್ತಿಗೆಯ ತಮ್ಮ ಪ್ರವಾಸಕ್ಕೆಂದು ಕೇಳುತ್ತಾನೆ, ಇಲ್ಲ ಎಂದ ಹುಡುಗಿಗೆ ಜಂಬ ಎನ್ನುತ್ತಾರೆ. ಅವಳ ಮನೆಯಲ್ಲೂ ಅಷ್ಟೇ. ನಮಗೋ ಅದು ನಮ್ಮಿಬ್ಬರದೇ ಆಗಿ ಉಳಿಯಬೇಕಿತ್ತು. ಉಪಾಯ ಹೊಳೆದದ್ದು ಅವಳಿಗೆ. ಹಾಸ್ಟೆಲಿನ ಮಂಚದ ಮೇಲೆ ಕೂತು ಲೆನ್ಸ್ ತಿರುಗಿಸಿ ಬಿಚ್ಚಿ, ಎರಡನ್ನೂ ಎರಡು ಕೈಯಲ್ಲಿ ಹಿಡಿದು, "ಅರ್ಧ ಕ್ಯಾಮೆರಾನ ಯಾರ್ ಕೇಳ್ತಾರೆ ಹೇಳು?" ಎಂದಳು.

ಒಬ್ಬರನ್ನು ಬಿಟ್ಟು ಒಬ್ಬರು ಫೋಟೋ ತೆಗೆಯಬಾರದು ಎಂದು ಮಾತಾಯಿತು. ಮದುವೆಗಳ ಫೋಟೋ ತೆಗೆಯಲು ಹೋಗಬಾರದು ಎಂದು ನಾನು ಸೇರಿಸಿದೆ. ಅವಳು ತಲೆಯಾಡಿಸಿದಳು.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಣ ಜಾಗವೆಂದರೆ ಕೊಬ್ಬರಿ ಅಟ್ಟ. ಸಿಪ್ಪೆ ಸಮೇತ ಕಾಯನ್ನು ಅಲ್ಲಿ ಸುರಿದು ಹೆಚ್ಚುಕಡಿಮೆ ಒಂದು ವರ್ಷ ಹಾಗೆಯೇ ಬಿಡುತ್ತಾರೆ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಕಾವು. ಕಾಯೊಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಒಳಗೆ ಉರುಳುವ ಸದ್ದು ಬರುತ್ತದೆ. ಅಂಥ ಕಡೆ ಇಟ್ಟದ್ದಕ್ಕೆ ಬೂಸ್ಟು ಹಿಡಿಯುವುದಿಲ್ಲ ಎಂದು ಅಮ್ಮ ಹೇಳಿದ್ದು ಸರಿಯೇ. ಆದರೆ ಹೊಗೆ ಕ್ಯಾಮೆರಾಕ್ಕೆ ಆಗುವುದಿಲ್ಲ. ಹಾಗಾಗಿ ಒಲೆಯಿಂದ ದೂರದ, ನಡುಮನೆಯ ಮೇಲಿನ ಮೂಲೆಯನ್ನು ಆರಿಸಿಕೊಂಡೆ. ಬಿಸ್ಕತ್ತಿನ ಚೌಕ ಡಬ್ಬ, ಅದರೊಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಬಾಡಿ, ಲೆನ್ಸ್ ಕೂರುವ ಬಾಯಿಗೆ ಕರಿಯ ಮುಚ್ಚಳ, ಡಬ್ಬದ ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ. ರೀಲು ಕಾವಿಗೆ ಕೆಡುತ್ತದೆ. ಅದನ್ನು ನನ್ನ ಕೋಣೆಯ ಗೋಡೆಗೂಡಿನಲ್ಲಿ ಇಡುತ್ತಿದ್ದೆ. ರೀಲು ಒಳಗಿರುವಾಗ ಬಾಡಿಯನ್ನು ಒಮ್ಮೆಯೂ ಅಟ್ಟಕ್ಕೆ ಏರಿಸಲಿಲ್ಲ. ತೊಳೆಸಿದ ನೆಗೆಟಿವ್‌ಗಳು ಕವರಿನಲ್ಲಿ, ಟ್ರಂಕಿನ ತಳದಲ್ಲಿ.

ತೇವ ಹೀರುವ ನೀಲಿ ಹರಳನ್ನು ಮೈಸೂರಿನ ಪ್ರಯೋಗಾಲಯದಿಂದ ಕೇಳಿ ತಂದಿದ್ದೆ. ತೇವ ಕುಡಿದ ಮೇಲೆ ಅದು ಗುಲಾಬಿಗೆ ತಿರುಗುತ್ತದೆ, ರೊಟ್ಟಿ ಹೆಂಚಿನ ಮೇಲೆ ಹುರಿದರೆ ಮತ್ತೆ ನೀಲಿಯಾಗುತ್ತದೆ. ತೆಳುಬಟ್ಟೆಯಲ್ಲಿ ಎರಡು ಗಂಟು ಕಟ್ಟಿ, ಒಂದನ್ನು ನನ್ನ ಡಬ್ಬಕ್ಕೆ ಹಾಕಿ ಇನ್ನೊಂದನ್ನು ಅವಳಿಗೆ ಕೊಟ್ಟಿದ್ದೆ. ಅವಳ ಅಪ್ಪ ಕೋಟಿನ ಲೈನಿಂಗ್ ಬಟ್ಟೆಯಲ್ಲಿ, ಒಳಗೆ ವೆಲ್ವೆಟ್ ಕೊಟ್ಟು, ಲೆನ್ಸಿಗೆಂದು ದಾರ ಎಳೆಯುವ ಚೀಲ ಹೊಲಿದುಕೊಟ್ಟಿದ್ದರು. ಅದು ಅವರ ಮನೆಯ ಬೀರುವಿನಲ್ಲಿರುತ್ತಿತ್ತು.

ಹೆಂಚಿನ ಮೇಲೆ ಹರಳು ಹುರಿಯುವಾಗ ಅಮ್ಮ ಬಂದು, ಅದರಿಂದ ಏನು ಪಲ್ಯ ಮಾಡ್ತೀಯ ಎಂದು ಕೇಳುವುದು ವಾಡಿಕೆಯಾಯಿತು. ಅಣ್ಣ ಒಮ್ಮೆ ಡಬ್ಬ ಇಳಿಸಿ, ಮುಚ್ಚಳ ತೆಗೆದು, ಬಾಡಿಯ ಬಾಯೊಳಗೆ ಇಣುಕಿದ.

"ಇದ್ಕೆ ಕಣ್ಣೇ ಇಲ್ವಲ್ಲೇ. ಕಣ್ಣ ತಿಪಟೂರಲ್ಲಿಟ್ಟು ಮೈನ ಇಲ್ಲಿಗೆ ತಂದವ್ಳೆ, ನೋಡಮ್ಮ."

"ಬುಡು ಅತ್ಲಾಗೆ. ಅವ್ಳ ಸಾಮಾನು ನಿಂಗ್ಯಾಕೆ?" ಎಂದರು ಅಮ್ಮ.

ಅಣ್ಣ ಮತ್ತೆ ಅದನ್ನು ಕೇಳಲಿಲ್ಲ. ಉಪಾಯ ಫಲಿಸಿತ್ತು.

ಆ ಹೊತ್ತಿಗೆ ತುರುವೇಕೆರೆಯ ಕಾಲೇಜೊಂದರಲ್ಲಿ ನನಗೆ ಅರೆಕಾಲಿಕ ಕೆಲಸ ಸಿಕ್ಕಿತ್ತು. ಬಿಡುವಾದ ಭಾನುವಾರಗಳಂದು ಡಬ್ಬವನ್ನು ಚೀಲದಲ್ಲಿಟ್ಟುಕೊಂಡು ತಿಪಟೂರಿನ ಬಸ್ಸು ಹತ್ತುತ್ತಿದ್ದೆ. ಅವಳು ಬೀರು ತೆಗೆದು ಲೆನ್ಸ್ ತರುತ್ತಿದ್ದಳು. ನಾನು ಬಾಡಿ ಹಿಡಿದುಕೊಂಡರೆ ಅವಳು ಲೆನ್ಸ್ ಕೂರಿಸಿ ತಿರುಗಿಸುವಳು. ಟಕ್ ಎಂದು ಅದು ಕೂತ ಮೇಲೆ ಇಬ್ಬರೂ ಹೊರಡುತ್ತಿದ್ದೆವು. ಕಾಯಿ ಸುಲಿದ ಸಿಪ್ಪೆಯ ರಾಶಿಗಳು, ಮಂಡಿ ಅಂಗಡಿಯ ಮುಂದೆ ಕೊಬ್ಬರಿ ಆರಿಸುವ ಹೆಂಗಸರ ಕೈಗಳು, ಅವಳ ಅಪ್ಪನ ಕತ್ತರಿಸುವ ಮೇಜಿನ ಮೇಲೆ ಕರಿಬಟ್ಟೆ, ಅದರ ಮೇಲೆ ಸೀಮೆಸುಣ್ಣದ ಗೆರೆ. ನಾನು ಹೆಚ್ಚು ಮಾತಿನವಳಲ್ಲ. ಯಾವುದನ್ನು ನೋಡಿ ನಿಂತೆ ಎಂದು ಅವಳಿಗೆ ಹೇಳದೆಯೇ ಗೊತ್ತಾಗುತ್ತಿತ್ತು. ಅಂಥವರು ನನಗೆ ಬೇರೆ ಯಾರೂ ಇರಲಿಲ್ಲ.

ಎರಡನೆಯ ವರ್ಷ ಒಂದು ಭಾನುವಾರ ಹೋದಾಗ, ಲೆನ್ಸಿನೊಳಗೆ ಬೂಸ್ಟು ಕಂಡಿತು, ಸ್ವಚ್ಛ ಮಾಡಿಸಲು ತನ್ನಣ್ಣ ಬೆಂಗಳೂರಿಗೆ ಒಯ್ದಿದ್ದಾನೆ ಎಂದಳು. ಚಹಾ ಕುಡಿದು ವಾಪಸು ಬಂದೆ. ಇನ್ನೊಂದು ಸಲ, ಅಬ್ಬಾ (ಅಪ್ಪನನ್ನು ಅವಳು ಕರೆಯುತ್ತಿದ್ದುದು ಹಾಗೆ) ಬೀರುವಿನ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಅರಸೀಕೆರೆಗೆ ಹೋಗಿದ್ದಾರೆ ಎಂದಳು. ಆಗಲೂ ಬಂದೆ. ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬ ಇಟ್ಟುಕೊಂಡು, ಬೀಗದ ಕೈ ಮರೆತು ಒಯ್ದ ಆ ಮುದುಕರ ಬಗ್ಗೆ ಪ್ರೀತಿಯಿಂದಲೇ ಯೋಚಿಸಿದ್ದು ನೆನಪಿದೆ.

ಲೆನ್ಸ್ ಸಿಕ್ಕ ಭಾನುವಾರಗಳೂ ಇದ್ದವು. ಅಂಥ ಒಂದು ದಿನ ಚೀಲದೊಳಗಿನ ಹರಳು ಪೂರ್ತಿ ಗುಲಾಬಿಯಾಗಿದ್ದುದನ್ನು ಕಂಡೆ. ಬಹಳ ದಿನ ಯಾರೂ ನೋಡದೆ ಬಿಟ್ಟ ಬಣ್ಣ ಅದು. ಕೇಳಿದರೆ, ಮರೆತೆ ಎಂದು ನಕ್ಕಳು. ಆ ಗಂಟನ್ನು ನಾನೇ ಊರಿಗೆ ತಂದು, ಹುರಿದು, ನೀಲಿ ಮಾಡಿ, ಮುಂದಿನ ಸಲ ಒಯ್ದು ಕೊಟ್ಟೆ.

ಗೊತ್ತಾದದ್ದು ಒಂದು ಶನಿವಾರ. ನೆಗೆಟಿವ್ ಕವರುಗಳು ಮುಗಿದಿದ್ದವು, ಕೊಳ್ಳೋಣವೆಂದು ಕಾಲೇಜು ಮುಗಿಸಿ ತಿಪಟೂರಿಗೆ ಹೋಗಿ, ನಾವು ರೀಲು ತೊಳೆಸುತ್ತಿದ್ದ ಸ್ಟುಡಿಯೋದ ಮೆಟ್ಟಿಲು ಹತ್ತುತ್ತಿದ್ದೆ. ಗಾಜಿನ ಷೋಕೇಸಿನಲ್ಲಿ ಹೊಸದೊಂದು ಫೋಟೋ ಇಟ್ಟಿದ್ದರು. ಕಿಟಕಿಯ ಪಕ್ಕ ಕೂತ ಮದುಮಗಳು, ಮೆಹಂದಿಯ ಕೈ, ಸುತ್ತ ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು. ಯಾರೂ ಕ್ಯಾಮೆರಾಕ್ಕೆ ಸೆಟೆದಿರಲಿಲ್ಲ, ತಮ್ಮತಮ್ಮಲ್ಲೇ ನಗುತ್ತಿದ್ದರು. ಚೆನ್ನಾಗಿದೆ ಎಂದುಕೊಂಡು ಮುಂದೆ ಹೋಗುವವಳು ನಿಂತೆ. ಎಡಗಡೆ ಮೇಲಿನ ಮೂಲೆಯಲ್ಲಿ, ಕಿಟಕಿಯ ಬೆಳಕಿಗೆ, ಅಕ್ಕಿಕಾಳಿನಷ್ಟು ಬಿಳಿಯ ಮಚ್ಚೆ.

ಒಳಗೆ ಹೋಗಿ ಕವರು ಕೇಳಿದೆ. ಸ್ಟುಡಿಯೋದವರು ಕಟ್ಟುವಾಗ, ಆ ಫೋಟೋ ಯಾರು ತೆಗೆದದ್ದು ಎಂದೆ.

"ನಿಮ್ಮ ಫ್ರೆಂಡೇ ಕಣಮ್ಮ. ಅವ್ರ ಕಡೆ ಮದ್ವೆಲಿ ಹೆಂಗಸ್ರ ಕೋಣೆಗೆ ನಾವ್ ಗಂಡಸ್ರು ಹೋಗಂಗಿಲ್ಲ. ವರ್ಷದಿಂದ ಎಲ್ಲ ಅವ್ರೇ ತೆಗೀತಾರೆ. ನಿಮ್ಗೆ ಗೊತ್ತಿಲ್ವಾ?"

ಗೊತ್ತು ಎಂದೆ.

ಬಾಡಿ ನಮ್ಮ ಅಟ್ಟದ ಮೇಲಿತ್ತು. ಹಾಗಾದರೆ ಅವಳ ಹತ್ತಿರ ಇನ್ನೊಂದು ಬಾಡಿ ಇದೆ. ನನ್ನ ಅರ್ಧ ಡಬ್ಬದಲ್ಲಿ ಒಣಗುತ್ತಿದ್ದಾಗ ಅವಳ ಅರ್ಧ ಇನ್ನೊಂದಕ್ಕೆ ಕೂತು ಊರೆಲ್ಲ ತಿರುಗಿದೆ. ಬೂಸ್ಟು, ಬೆಂಗಳೂರು, ಬೀಗದ ಕೈ ಎಲ್ಲವೂ ಯಾರದೋ ಮದುವೆಯ ಭಾನುವಾರಗಳು. ಚೀಲದಲ್ಲಿ ಇರುತ್ತಿದ್ದದ್ದು ಹರಳಿನ ಗಂಟು ಮಾತ್ರ.

ನೇರ ಅವಳ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಅವಳ ಅಪ್ಪ ಹೊಲಿಯುತ್ತಿದ್ದರು. ಊಟ ಆಯ್ತಾ ಬೇಟಿ ಎಂದು ಕೇಳಿದರು. ಆಯ್ತು ಎಂದು ಒಳಗೆ ಹೋದೆ. ಅವಳು ನನ್ನ ಕೈಯಲ್ಲಿದ್ದ ಸ್ಟುಡಿಯೋದ ಪೊಟ್ಟಣ ನೋಡಿದಳು, ಆಮೇಲೆ ನನ್ನ ಮುಖ. ನಾನು ಕೇಳುವ ಮೊದಲೇ ಹೇಳತೊಡಗಿದಳು. ಅಣ್ಣನಿಗೆ ಯಾರೋ ರಿಪೇರಿಯ ಬದಲಿಗೆ ಹಳೆಯ ಬಾಡಿಯೊಂದನ್ನು ಕೊಟ್ಟರಂತೆ, ನಮ್ಮ ಲೆನ್ಸ್ ಅದಕ್ಕೆ ಸರಿಯಾಗಿ ಕೂತಿತಂತೆ. ಮೊದಲು ಚಿಕ್ಕಮ್ಮನ ಮಗಳ ಮದುವೆ, ಆಮೇಲೆ ಒಬ್ಬರಿಂದ ಒಬ್ಬರು ಕರೆದರಂತೆ.

"ನನಗೆ ಹೇಳಬಹುದಿತ್ತು" ಎಂದೆ.

"ಹೇಳಿದ್ರೆ ನೀನ್ ಒಪ್ತಿರ್ಲಿಲ್ಲ ಕಣೇ. ಮದ್ವೆ ಬೇಡ ಅಂದೋಳು ನೀನೇ ತಾನೆ?"

"ಬೀಗದ ಕೈ ಅಂದೆಯಲ್ಲ."

ಹೊರಗೆ ಹೊಲಿಗೆಯ ಯಂತ್ರ ನಿಂತಿತ್ತು.

"ನಿಂಗೆ ಅದು ಅಟ್ಟದ್ ಮೇಲಿದ್ರೆ ಸಾಕಿತ್ತು" ಎಂದಳು. "ಮುಚ್ಚಿ, ಸುತ್ತಿ, ಹರಳು ಹುರ್ಕೊಂಡು. ನಂಗೆ ಅಷ್ಟು ಸಾಲ್ತಿರ್ಲಿಲ್ಲ."

ಇದನ್ನು ಅವಳು ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ಮರೆಯುವುದು ಸುಲಭವಾಗುತ್ತಿತ್ತು. ಆ ಭಾನುವಾರಗಳಲ್ಲಿ ನನ್ನ ಪಕ್ಕ ನಡೆಯುತ್ತಾ ಅವಳು ಇದನ್ನೇ ಅಂದುಕೊಳ್ಳುತ್ತಿದ್ದಳೇ ಎಂದು ಆ ಕ್ಷಣಕ್ಕೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಲೆನ್ಸ್ ಕೊಡು ಎಂದೆ. ನಾಳೆ ಒಂದು ಮದುವೆ ಒಪ್ಪಿಕೊಂಡಾಗಿದೆ, ಅದು ಕಳೆದ ಮೇಲೆ ಕೊಡುತ್ತೇನೆ, ಹೇಗೂ ತನಗೆ ಬೇರೆ ಲೆನ್ಸ್ ನೋಡಿಟ್ಟಾಗಿದೆ ಎಂದಳು. ನಾನು ಎದ್ದುಬಂದೆ. ಅವಳ ಅಪ್ಪ ತಲೆಯೆತ್ತಲಿಲ್ಲ.

ಅವಳು ತರುತ್ತಾಳೆ ಎಂದುಕೊಂಡಿದ್ದೆ. ಏನಾದರೂ ಹೇಳಲಿಕ್ಕಾದರೂ ಬರುತ್ತಾಳೆ ಎಂದು.

ಮಂಗಳವಾರ ಕಾಲೇಜಿನಿಂದ ಬಂದಾಗ ಅಂಗಳದಲ್ಲಿ ಅಣ್ಣ ಕ್ಯಾಮೆರಾ ಕಣ್ಣಿಗೆ ಹಿಡಿದು ಕರುವಿನ ಹಿಂದೆ ಬಗ್ಗಿ ನಡೆಯುತ್ತಿದ್ದ. ಪೂರ್ತಿ ಕ್ಯಾಮೆರಾ. ಜಗಲಿಯ ಮೇಲೆ ನನ್ನ ಡಬ್ಬ ಬಾಯಿ ತೆರೆದುಕೊಂಡಿತ್ತು, ಪಕ್ಕದಲ್ಲಿ ವೆಲ್ವೆಟ್ ಚೀಲ. ಮಧ್ಯಾಹ್ನ ಅವಳ ಅಣ್ಣ ಸ್ಕೂಟರಿನಲ್ಲಿ ಬಂದು, ತಂಗಿ ಕೊಟ್ಟು ಬಾ ಅಂದಳು ಎಂದು, ಎಲ್ಲರ ಮುಂದೆ ನನ್ನಣ್ಣನ ಕೈಗೆ ಲೆನ್ಸ್ ಕೊಟ್ಟು, ಮಜ್ಜಿಗೆ ಕುಡಿದು ಹೋಗಿದ್ದ.

"ಬಂತಲ್ಲ ಕಣ್ಣು. ಇನ್ನೇನ್ ನೆಪ ಹೇಳ್ತೀಯ?" ಎಂದು ಅಣ್ಣ ನಕ್ಕ. "ಬರೋ ವಾರ ಕೆಂಕೆರೆ ಮದ್ವೆಗೆ ಇದ್ನ ನಾನ್ ತಗೊಂಡ್ ಹೋಗ್ತೀನಿ ಕಣೇ."

ಸರಿ ಎಂದೆ.

ಮಂಗಳವಾರ ಮಧ್ಯಾಹ್ನ ನಾನು ಮನೆಯಲ್ಲಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಲೆನ್ಸ್ ನಮ್ಮ ಅಂಗಳಕ್ಕೆ ಬಂದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅದಾಗಬಾರದು ಎಂದೇ ಅಲ್ಲವೇ ಹಾಸ್ಟೆಲಿನ ಮಂಚದ ಮೇಲೆ ಅವಳು ಅದನ್ನು ಬಿಚ್ಚಿದ್ದು. ಇನ್ನೊಂದು ಬಾಡಿ ಇಟ್ಟುಕೊಂಡದ್ದನ್ನು ನಾನು ಯಾವಾಗಲೋ ಒಪ್ಪಿಕೊಂಡುಬಿಡುತ್ತಿದ್ದೆನೇನೋ. ಆ ಸ್ಕೂಟರನ್ನು ಒಪ್ಪಲಾಗಲಿಲ್ಲ.

ಕೆಂಕೆರೆಯಿಂದ ಕ್ಯಾಮೆರಾ ಬಂದಾಗ ಲೆನ್ಸಿನ ತಿರುಗುವ ಬಳೆಯ ಸಂದಿಯಲ್ಲಿ ಅರಿಶಿನ ಕೂತಿತ್ತು, ಮುಚ್ಚಳ ಕಳೆದಿತ್ತು. ಹತ್ತಿ ಸುತ್ತಿದ ಕಡ್ಡಿಯಲ್ಲಿ ಒರೆಸುತ್ತಾ ಕೂತವಳು ಅರ್ಧಕ್ಕೇ ಬಿಟ್ಟೆ. ಅಲ್ಲಿಂದ ಅದು ಅತ್ತಿಗೆಯ ತಮ್ಮನ ಜೊತೆ ಹೋಯಿತು. ಈಗ ಯಾರ ಮನೆಯಲ್ಲಿದೆಯೋ ತಿಳಿಯದು. ಡಬ್ಬ ಖಾಲಿ ಇದೆಯಲ್ಲ ಎಂದು ಅಮ್ಮ ಹುರಿಗಡಲೆಗೆ ಕೇಳಿದರು, ಕೊಟ್ಟೆ. ಅಷ್ಟು ಒಣಗಿದ ಡಬ್ಬದಲ್ಲಿ ಕಡಲೆ ಬಹಳ ದಿನ ಗರಿಗರಿಯಾಗಿಯೇ ಇತ್ತು.

ಆ ಮೇಲೆ ಒಂದು ಸಲ ತಿಪಟೂರಿನಲ್ಲಿ ಬಸ್ಸಿಗೆ ಕಾಯುವಾಗ ಸ್ಟುಡಿಯೋದ ಮುಂದೆ ಹಾದುಹೋದೆ. ಷೋಕೇಸಿನಲ್ಲಿ ಬೇರೆ ಫೋಟೋ ಇತ್ತು: ಮೆಟ್ಟಿಲ ಮೇಲೆ ಕೂತು ಮಲ್ಲಿಗೆ ಕಟ್ಟುವ ಹೆಂಗಸರು, ಪಕ್ಕದಿಂದ ಬೀಳುವ ಬೆಳಕು. ಎಡಗಡೆ ಮೇಲಿನ ಮೂಲೆ ನೋಡಿದೆ. ಏನೂ ಇರಲಿಲ್ಲ. ಅವಳು ತೆಗೆದದ್ದೋ ಬೇರೆಯವರದೋ ನನಗೆ ಗೊತ್ತಾಗಲಿಲ್ಲ. ಒಳಗೆ ಹೋಗಿ ಕೇಳಲಿಲ್ಲ.