ಪೈಪಿನೊಳಗಿನ ಕೃತ್ತಿಕೆ

ಮಂಗಗಳನ್ನು ಬೆದರಿಸಲೆಂದು ತಂದ ಹಸಿರು ಲೇಸರ್ ಕಡ್ಡಿಯೊಂದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ, ಬಹಳ ದಿನ ಠೀವಿಯಿಂದ ಕುಳಿತಿತ್ತು. ಮಂಗಗಳು ಎರಡೇ ವಾರದಲ್ಲಿ ಅದರ ಬಂಡವಾಳ ತಿಳಿದುಕೊಂಡು ಬಾಳೆಗೊನೆಗೆ ಮರಳಿದವು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಮಾತ್ರ ಅದಕ್ಕೆ ಮರುಳಾದೆ. ಬಾಳೂರಿನ ನಮ್ಮ ಪುಟ್ಟ ತೋಟದ ಕಣದಲ್ಲಿ ಶನಿವಾರ ಸಂಜೆ ಸೇರುವ ಹತ್ತು ಮಕ್ಕಳಿಗೆ ನಕ್ಷತ್ರ ತೋರಿಸುವುದು ನೀವು ತಿಳಿದಷ್ಟು ಸುಲಭವಲ್ಲ. ಬೆರಳು ಚಾಚಿ ‘ಅದೋ ಅಲ್ಲಿ’ ಎಂದರೆ ಹತ್ತು ಮಕ್ಕಳಿಗೂ ಹತ್ತು ಬೇರೆ ಬೇರೆ ‘ಅಲ್ಲಿ’ಗಳು ಕಾಣುತ್ತವೆ. ಲೇಸರಿನ ಗುಂಡಿ ಒತ್ತಿದರೋ, ನನ್ನ ಕೈಯಿಂದ ಹೊರಟ ಗೆರೆ ನೆಟ್ಟಗೆ ರೋಹಿಣಿಯ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು, ಮಕ್ಕಳು ಒಕ್ಕೊರಲಿನಿಂದ ‘ಹೋ’ ಎನ್ನುತ್ತಿದ್ದರು. ಆ ‘ಹೋ’ ನಕ್ಷತ್ರಕ್ಕೋ ನನಗೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಡಿಸೆಂಬರಿನ ಒಂದು ಸಂಜೆ ಗುಂಡಿಯಿಂದ ಬೆರಳು ತೆಗೆಯದೆಯೇ ಕೈ ಇಳಿಸಿಬಿಟ್ಟೆ. ಕಾಫಿ ರಾಶಿಗೆ ಹೊದಿಸಿದ್ದ, ಇಬ್ಬನಿಯಲ್ಲಿ ನೆಂದ ಪ್ಲಾಸ್ಟಿಕ್ ಹಾಳೆಗೆ ಬಡಿದ ಬೆಳಕು ಚಿಮ್ಮಿ ಆರನೇ ತರಗತಿಯ ನಸ್ರೀನಳ ಮುಖಕ್ಕೆ ಬಿತ್ತು. ಹುಡುಗಿ ಕಣ್ಣು ಮುಚ್ಚಿಕೊಂಡು ಚೀರಿದಳು. ಅವಳಪ್ಪ ಉಸ್ಮಾನ್ ಸಾಹೇಬರು, ನಮ್ಮೂರಿನ ಜೀಪುಗಳಿಗೆಲ್ಲ ಮೆಕ್ಯಾನಿಕ್, ಕೂಡಲೇ ನಮ್ಮಿಬ್ಬರನ್ನೂ ಜೀಪಿನಲ್ಲಿ ಕೂರಿಸಿ ಚಿಕ್ಕಮಗಳೂರಿಗೆ ಕರೆದೊಯ್ದರು. ಕಣ್ಣಿಗೇನೂ ಆಗಿಲ್ಲ ಎಂದ ಡಾಕ್ಟರು, ನೇರವಾಗಿ ಬಿದ್ದಿದ್ದರೆ ದೃಷ್ಟಿಗೇ ಕುತ್ತು ಎಂಬುದನ್ನು ನನ್ನ ಮುಖ ನೋಡಿಯೇ ಹೇಳಿದರು. ಅಜಾಗರೂಕತೆಗಾಗಿ ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಅಂದು ನನಗೆ ನಿಲ್ಲಲು ಬೆಂಚೂ ಇರಲಿಲ್ಲ. ಆದರೆ ಡಾಕ್ಟರ ಮಾತನ್ನು ನಸ್ರೀನ್ ನಂಬಲಿಲ್ಲ. ಎಲ್ಲವೂ ಮಂಜು ಮಂಜು ಎನ್ನುತ್ತ, ಸಂಜೆಯಾದರೆ ಒಳಗೆ ಸೇರಿಕೊಂಡು, ತಲೆಯೆತ್ತುವುದನ್ನೇ ಬಿಟ್ಟಳು. ಎಲ್ಲರಿಗಿಂತ ಹೆಚ್ಚು ಆಕಾಶವನ್ನು ಪ್ರೀತಿಸಿದವಳಿಂದಲೇ ಅದನ್ನು ಕಸಿದೆನಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ಮುಂದಿನ ವಾರ ಉಸ್ಮಾನ್ ಸಾಹೇಬರೇ ಬಂದರು. ಬೈಯಲಿ ಎಂದು ಕಾದೆ. “ಟೀಚರೇ, ಆ ಹಸಿರು ಕಡ್ಡಿ ಒಂದು ಬೇಡ ಮಾರಾಯ್ರೆ. ಕ್ಲಾಸ್ ಮಾತ್ರ ನಿಲ್ಲಿಸ್ಬೇಡಿ, ಅವ್ಳು ಪೂರ್ತಿ ಮಂಕಾಗಿದಾಳೆ” ಎಂದವರ ಕಣ್ಣು ಶೆಡ್ಡಿನ ಮೂಲೆಗೆ ಹೋಯಿತು. ಕಾಫಿ ಹೂವಿಗೆ ನೀರು ಹಾಯಿಸುವ ಕಾಲ ಇನ್ನೂ ದೂರವಿದ್ದುದರಿಂದ ಸ್ಪ್ರಿಂಕ್ಲರಿನ ಮುಕ್ಕಾಲಿ ಸ್ಟ್ಯಾಂಡು ಅಲ್ಲಿ ಸುಮ್ಮನೆ ಬಿದ್ದಿತ್ತು. ಅದರ ತಲೆಗೆ ಮೊಳದುದ್ದದ ಪೈಪೊಂದನ್ನು, ಎತ್ತ ಬೇಕಾದರೂ ತಿರುಗಿ ನಿಲ್ಲುವಂತೆ, ಬೋಲ್ಟು ಹಾಕಿ ಬಿಗಿದರು. ಗಾಜಿಲ್ಲ, ಬೆಳಕಿಲ್ಲ, ಬ್ಯಾಟರಿಯಿಲ್ಲ. ಒಬ್ಬರು ಗುರಿಯಿಟ್ಟು ನಿಲ್ಲಿಸಿದರೆ ಆಮೇಲೆ ಕಣ್ಣಿಟ್ಟವರಿಗೆಲ್ಲ ಅದೇ ನಕ್ಷತ್ರ. ಟಾರ್ಚಿಗೂ ಕೆಂಪು ಕಾಗದ ಸುತ್ತಿದೆವು, ಕತ್ತಲಿಗೆ ಒಗ್ಗಿದ ಕಣ್ಣು ಕೆಡದಿರಲೆಂದು.

ಆ ಬಡ ಪೈಪು ನನಗೆ ಕಲಿಸಿದ್ದು ಕಡಿಮೆಯೇನಲ್ಲ. ಲೇಸರಿದ್ದಾಗ ಹುಡುಕುವವಳು ನಾನು, ‘ಹೋ’ ಎನ್ನುವವರು ಮಕ್ಕಳು. ಈಗ ಮಕ್ಕಳೇ ತಡಕಾಡಿ, ತಪ್ಪಿ, ಮತ್ತೆ ಗುರಿಯಿಟ್ಟು, ಸರಿಯೋ ನೋಡಿ ಎಂದು ನನ್ನನ್ನು ಕರೆಯುತ್ತಿದ್ದರು. ಬಂದವರೆಲ್ಲ ನೋಡಿ ಮುಗಿಸುವಷ್ಟರಲ್ಲಿ ನಕ್ಷತ್ರ ಮೆಲ್ಲಗೆ ಪೈಪಿನ ಅಂಚಿಗೆ ಸರಿದಿರುತ್ತಿತ್ತು. ಭೂಮಿ ತಿರುಗುವ ಪಾಠ ಪುಕ್ಕಟೆ!

ಮೂರನೆಯ ಶನಿವಾರ ನಸ್ರೀನ್ ಅಪ್ಪನ ಕೈ ಹಿಡಿದು ಬಂದಳು. ಬಹಳ ಹೊತ್ತು ನೆಲ ನೋಡಿದಳು. ತನ್ನಪ್ಪ ಕಟ್ಟಿದ ಪೈಪನ್ನು ಉಳಿದವರೆಲ್ಲ ತಿರುಗಿಸುವುದನ್ನು ಎಷ್ಟು ಹೊತ್ತು ಸಹಿಸಿಯಾಳು? ಕೊನೆಗೆ ತಾನೇ ಮುಂದೆ ಬಂದು ಕಣ್ಣಿಟ್ಟಳು, ತಿರುಗಿಸಿದಳು, ನಿಂತಳು. “ಕೃತ್ತಿಕೆ ಸಿಕ್ತು ಟೀಚರ್. ಏಳು ಇದಾವೆ.”

ನಾನು ಇಣುಕಿದೆ. ಕನ್ನಡಕವೊರೆಸಿ ಎಣಿಸಿದರೂ ಐದು. ಆ ನಕ್ಷತ್ರಗೊಂಚಲಿನಲ್ಲಿ ಕಣ್ಣು ಚುರುಕಾದವರಿಗೂ ಹೆಚ್ಚಾಗಿ ಕಾಣುವುದು ಆರು. “ಸುಮ್ನೆ ಹೇಳ್ಬೇಡ ಮಗಾ” ಎಂದರು ಉಸ್ಮಾನ್ ಸಾಹೇಬರು. ಅವಳು ಏಳು ಕಾಫಿ ಬೀಜ ಹೆಕ್ಕಿ, ಮತ್ತೆ ಮತ್ತೆ ಪೈಪಿಗೆ ಕಣ್ಣಿಡುತ್ತ, ಒಂದೊಂದನ್ನೇ ಕಣದ ಮೇಲೆ ಇಟ್ಟಳು. ಕೆಂಪು ಬೆಳಕಿನಲ್ಲಿ ನಕ್ಷತ್ರಪಟದ ಪುಸ್ತಕ ಬಿಡಿಸಿ ಹೋಲಿಸಿದೆ. ಏಳೂ ಬೀಜಗಳು ಇರಬೇಕಾದಲ್ಲೇ ಇದ್ದವು, ನಾನು ಒಮ್ಮೆಯೂ ಕಾಣದ ಆ ಮಸುಕು ನಕ್ಷತ್ರವೂ ಸೇರಿ. ಅಪ್ಪ ಮಗಳನ್ನು ಎತ್ತಿಕೊಂಡೇಬಿಟ್ಟರು. ಅವಳ ಏಳರೆದುರು ಐದೇ ಎಣಿಸಿ ಸೋತ ನಾನು, ಇಷ್ಟು ವಯಸ್ಸಾದವಳು, ಕಣದ ನಡುವೆ ನಿಂತು ಮಕ್ಕಳಿಗಿಂತ ಜೋರಾಗಿ ‘ಹೋ’ ಎಂದು ಕೂಗಿದೆ.