ಹಂಚಿನ ಮೇಲೆ ಬೆಂದ ಪಿಜ್ಜಾ

ಕಳೆದ ಚಳಿಗಾಲದಲ್ಲಿ ನನ್ನ ಹೆಂಡತಿ ನಿಗಡಿಯ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್. ನಾನೋ ನಿವೃತ್ತಿಯಾಗುವತನಕ ಅವಳು ಕಟ್ಟಿಕೊಟ್ಟ ಡಬ್ಬಿ ಬಿಚ್ಚಿ ಉಂಡವನು. ಚಹಾ ಬಿಟ್ಟರೆ ಬೇರೇನೂ ಮಾಡಲು ಬರುತ್ತಿರಲಿಲ್ಲ. ಹೇಗೋ ಖಿಚಡಿ ಕಲಿತೆ. ಆಮೇಲೆ ದಿನವೂ ಅದೇ.

ಒಂದು ಭಾನುವಾರ ನಾನು ಮತ್ತೆ ಅಕ್ಕಿ ಡಬ್ಬಿಗೆ ಕೈ ಹಾಕಿದಾಗ ಅವಳು ತಡೆದಳು.

"ಇವತ್ತ ಅದು ಬ್ಯಾಡ್ರಿ. ಪಿಜ್ಜಾ ತಿನ್ನಬೇಕು ಅನಸ್ತದ."

"ಹೊರಗಿಂದ ತರಸ್ಲೇನು?"

"ಬ್ಯಾಡ್ರಿ, ತಣ್ಣಗಾಗಿ ಬರ್ತದ. ಮನ್ಯಾಗ ಮಾಡೂಣು. ನಾ ಹೇಳ್ತೀನಿ, ನೀವು ಮಾಡ್ರಿ. ಮಾರ್ಕೆಟ್‌ನ್ಯಾಗ ಏನ್ ತಾಜಾ ಅದನೋ ಅದನ್ನ ತರ್ರಿ."

ಕಾಯಿಪಲ್ಲೆ ಮಾರ್ಕೆಟ್ಟಿನ ತುಂಬ ಹಸಿರು ಬಟಾಣಿಯ ರಾಶಿ. ಬಟಾಣಿ, ಟೊಮೆಟೊ, ಎಲೆ ಸಮೇತ ಹಸಿ ಬೆಳ್ಳುಳ್ಳಿ, ಚೀಸ್, ಯೀಸ್ಟ್ ತಂದೆ. ಅಡುಗೆಮನೆಯ ಕುರ್ಚಿಯಲ್ಲಿ ಕೂತು ಅವಳು ಬಟಾಣಿಯನ್ನು ಪ್ಲಾಸ್ಟರಿನ ಅಂಚಿಗೆ ಒತ್ತಿ ಹಿಡಿದು, ಎಡಗೈ ಹೆಬ್ಬೆರಳಿನಿಂದ ಸುಲಿಯತೊಡಗಿದಳು. ಬಿದ್ದ ದಿನದಿಂದ ಅವಳು ಮಾಡಿದ ಮೊದಲ ಕೆಲಸ ಅದು.

ಹಿಟ್ಟಿಗೆ ನಾನು ಸುರಿದ ನೀರು ಜಾಸ್ತಿಯಾಗಿ ಎರಡೂ ಕೈ ಅಂಟಿಕೊಂಡವು. ನನ್ನನ್ನು ನೋಡಿ ಅವಳು ನಗತೊಡಗಿದಳು. ನಗುತ್ತಲೇ ಎದ್ದು ಬಂದು ಎಡಗೈಯಿಂದ ಒಣ ಹಿಟ್ಟು ಉದುರಿಸಿ, ನನ್ನ ಜೊತೆ ತಾನೂ ನಾದಿದಳು. ಅಷ್ಟು ಹತ್ತಿರ ನಿಂತು ನಾವಿಬ್ಬರೂ ಒಂದು ಕೆಲಸ ಮಾಡಿ ಎಷ್ಟು ಕಾಲವಾಗಿತ್ತೋ.

ಹಿಟ್ಟು ಉಬ್ಬಿದ ಮೇಲೆ ಲಟ್ಟಿಸಿ, ರೊಟ್ಟಿ ಹಂಚಿನ ಮೇಲೆ ಹಾಕಿ ಮುಚ್ಚಿದೆ. ಮೊದಲನೆಯದು ಅಡಿಯಲ್ಲಿ ಕರಕಲು, ಮೇಲೆ ಹಸಿ.

"ಒಂದು ಮಗ್ಗಲ ಬೇಯಿಸಿ ತಿರುವಿ ಹಾಕ್ರಿ. ಆಮ್ಯಾಲೆ ಬೆಂದ ಮಗ್ಗಲಿಗೆ ಟೊಮೆಟೊ, ಬಟಾಣಿ, ಚೀಸ್. ಉರಿ ಸಣ್ಣ ಇರ್ಲಿ."

"ಇದನ್ನ ಯಾವಾಗ ಕಲ್ತಿ ನೀ?"

"ನಾನೂ ಎಂದೂ ಮಾಡಿಲ್ರಿ. ಹಂಚು ಗೊತ್ತದಲ್ಲ."

ಸುಟ್ಟ ವಾಸನೆಗೆ ಪಕ್ಕದ ಮನೆಯ ಮರಾಠಿ ಕಾಕು ಗಾಬರಿಯಿಂದ ಬಂದರು. ಅಷ್ಟರಲ್ಲಿ ಎರಡನೆಯದು ಇಳಿದಿತ್ತು. ಚೀಸ್ ಕರಗಿ ಬಟಾಣಿಗಳ ಸುತ್ತ ನಿಂತಿತ್ತು, ಬೆಳ್ಳುಳ್ಳಿ ಎಲೆ ಘಮ್ಮೆನ್ನುತ್ತಿತ್ತು. ಹೆಂಡತಿ ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದಳು. ಕಾಕು ಒಂದು ತುಂಡು ತಿಂದು "ಛಾನ್ ಝಾಲಂಯ್", ಚೆನ್ನಾಗಿ ಆಗಿದೆ, ಎಂದು ಇನ್ನೊಂದಕ್ಕೆ ಕೈ ಚಾಚಿದರು. ಹೆಂಡತಿ ಕಣ್ಣು ಮುಚ್ಚಿ ತಿನ್ನುತ್ತಿದ್ದಳು.

ಪ್ಲಾಸ್ಟರ್ ತೆಗೆದ ಮೇಲೆ ಅಡುಗೆಮನೆ ಮತ್ತೆ ಅವಳದಾಯಿತು. ಭಾನುವಾರ ಸಂಜೆ ಮಾತ್ರ ನನ್ನದು. ಮಳೆಗಾಲದಲ್ಲಿ ಎಳೆಯ ಮೆಕ್ಕೆಜೋಳ ಹಾಕಿ ಮಾಡಿದ್ದು ಒಳ್ಳೆಯದಾಯಿತು. ಹೀರೇಕಾಯಿ ಹಾಕಿದ್ದು ನೀರು ಬಿಟ್ಟು ಮೆತ್ತಗಾಯಿತು. ಅದನ್ನೂ ಅವಳು ತಿಂದು, ಮುಂದಿನ ವಾರ ಬದನೆಕಾಯಿ ತರಲು ಹೇಳಿದಳು.